ಕಾರಣ ಆಮೇಲೆ, ಊಟ ಮೊದಲು

ಕೆಲಸ ಹೋದವರ ಜೊತೆ ಹೇಗಿರಬೇಕು ಅಂತ ಡಲ್ಲಾಸ್ ಸುತ್ತಮುತ್ತಲಿನ ಕನ್ನಡದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಯಾವುದೋ ಕಂಪನಿ ಬೆಳಿಗ್ಗೆ ಮೇಲ್ ಕಳಿಸಿದರೆ ಮಧ್ಯಾಹ್ನದೊಳಗೆ ವಾಟ್ಸಾಪ್ ಗ್ರೂಪಿನಲ್ಲಿ ರೆಸ್ಯೂಮೆ ಓಡಾಡ್ತಾ ಇರುತ್ತೆ. ಎಚ್-1ಬಿಯವರಿಗೆ 60 ದಿನ ಅನ್ನೋ ಲೆಕ್ಕ ಎಲ್ಲರಿಗೂ ಬಾಯಿಪಾಠ. ಒಬ್ಬರು ರೆಫರಲ್ ಕೊಡ್ತಾರೆ, ಇನ್ನೊಬ್ಬರು ವಕೀಲರ ನಂಬರ್ ಕಳಿಸ್ತಾರೆ, ಮತ್ತೊಬ್ಬರು ಬಿಸಿಬೇಳೆಬಾತ್ ಡಬ್ಬಿ ಬಾಗಿಲ ಹತ್ರ ಇಟ್ಟು ಹೋಗ್ತಾರೆ. ಇದರಲ್ಲಿ ನಾಚಿಕೆ ಪಡೋದು ಏನೂ ಇಲ್ಲ ಅಂತ ನಾವೆಲ್ಲ ಒಪ್ಪಿಕೊಂಡಾಗಿದೆ. ತಪ್ಪು ಕಂಪನಿಯದ್ದು, ಇಲ್ಲಾಂದ್ರೆ ಮಾರ್ಕೆಟ್ಟಿನದ್ದು.

ಆದರೆ ಒಂದು ಚರ್ಚು ತನ್ನಲ್ಲಿ ಕೆಲಸ ಮಾಡ್ತಿದ್ದವರನ್ನ ತೆಗೆದುಹಾಕಿದರೆ? ಆಗ ರೆಸ್ಯೂಮೆ ಓಡಾಡೋದಿಲ್ಲ. ಡಬ್ಬಿ ಬರೋದಿಲ್ಲ. ಎಲ್ಲರೂ ದನಿ ತಗ್ಗಿಸಿ ಮಾತಾಡ್ತಾರೆ. ಎರಡು ವರ್ಷದ ಹಿಂದೆ ನಮ್ಮ ಚರ್ಚಿನಲ್ಲಿ ಹೀಗೇ ಆಯ್ತು. ಆಗ ನಾವು ಹೇಗೆ ನಿಭಾಯಿಸಿದೆವು ಅಂತ ಬರೀಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಚರ್ಚಿಗೂ ನನಗೂ ಏನು ಸಂಬಂಧ ಅಂತ ಕೇಳೋ ಓದುಗರೂ ಸ್ವಲ್ಪ ತಾಳ್ಮೆಯಿಂದ ಓದಿ. ದೇವಸ್ಥಾನದ ಕಮಿಟಿಯಲ್ಲೋ ಕನ್ನಡ ಕೂಟದಲ್ಲೋ ಇರುವವರಿಗೆ ಇದು ಅಷ್ಟೇನೂ ದೂರದ ವಿಷಯ ಅಲ್ಲ.

ನಾವು ಉಡುಪಿ ಕಡೆಯವರು, ಬಾಸೆಲ್ ಮಿಶನ್ ಕಾಲದಿಂದ ಪ್ರೊಟೆಸ್ಟಂಟ್ ಕುಟುಂಬ. ಇಲ್ಲಿ ಕನ್ನಡ ಪ್ರಾರ್ಥನೆ ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ನಡೆಯುತ್ತೆ. ಉಳಿದ ಭಾನುವಾರ ಮನೆ ಹತ್ತಿರದ ಇಂಗ್ಲಿಷ್ ಚರ್ಚು. ಅಲ್ಲಿಗೆ ಹೋಗೋಕೆ ಶುರು ಮಾಡಿ ಹನ್ನೊಂದು ವರ್ಷ ಆಯ್ತು. ಈ ದೇಶದಲ್ಲಿ ಚರ್ಚಿನ ಕೆಲಸ ಪಾಸ್ಟರ್ ಒಬ್ಬರದ್ದೇ ಅಲ್ಲ. ಆಫೀಸ್ ನೋಡಿಕೊಳ್ಳೋರು, ಸಂಗೀತದವರು, ಹದಿಹರೆಯದ ಮಕ್ಕಳನ್ನ ನೋಡಿಕೊಳ್ಳೋರು, ಕಟ್ಟಡ ಗುಡಿಸಿ ಒರೆಸಿ ಬೀಗ ಹಾಕೋರು ಎಲ್ಲರಿಗೂ ಸಂಬಳ. ಆ ಸಂಬಳ ಬರೋದು ಭಾನುವಾರ ನಾವು ಹಾಕೋ ಕಾಣಿಕೆಯಿಂದ. ಹಾಗಾಗಿ ಸಂಬಂಧ ಸ್ವಲ್ಪ ವಿಚಿತ್ರ. ಸಂಬಳ ಕೊಡುವವರೂ ನಾವೇ, ಕಷ್ಟ ಬಂದಾಗ ಅವರ ಮುಂದೆ ಕೂತು ಅಳುವವರೂ ನಾವೇ.

ನಮ್ಮಲ್ಲಿ ಕ್ವಾಯರ್ ನಡೆಸ್ತಿದ್ದವರು 61 ವರ್ಷದ ಒಬ್ಬ ಹೆಂಗಸು. ಹತ್ತೊಂಬತ್ತು ವರ್ಷದಿಂದ ಅದೇ ಚರ್ಚಿನಲ್ಲಿ ಆರ್ಗನ್ ನುಡಿಸ್ತಾ, ಹಾಡು ಕಲಿಸ್ತಾ ಇದ್ದವರು. ನನ್ನ ಮಗಳು ಏಳು ವರ್ಷದವಳಿದ್ದಾಗ ಅವರ ಮಕ್ಕಳ ಕ್ವಾಯರಿಗೆ ಸೇರಿದ್ದಳು. ಪಾಠ ಹೇಳಿಕೊಟ್ಟವರನ್ನೆಲ್ಲ ಟೀಚರ್ ಅಂತ ಕರೆಯೋದು ನಮ್ಮ ಕರಾವಳಿಯ ಅಭ್ಯಾಸ. ಹಾಗಾಗಿ ನಮ್ಮ ಮನೆಯಲ್ಲಿ ಅವರು ಟೀಚರ್. ಒಂದು ಕ್ರಿಸ್‌ಮಸ್‌ಗೆ ನನ್ನ ಹತ್ರ ಒಂದು ಕನ್ನಡ ಕೀರ್ತನೆ ಬರೆಸಿಕೊಂಡು, 28 ಜನ ಟೆಕ್ಸಸ್‌ನವರ ಬಾಯಲ್ಲಿ ‘ಳ’ಕಾರ ಹೊರಡಿಸೋಕೆ ಮೂರು ವಾರ ಒದ್ದಾಡಿದವರು ಅವರು.

ಆ ಸೆಪ್ಟೆಂಬರಿನ ಒಂದು ಬುಧವಾರ ಸಂಜೆ ಸಭೆಯವರಿಗೆಲ್ಲ ಒಂದು ಮೇಲ್ ಬಂತು. ಮೂರೇ ವಾಕ್ಯ. ಸಂಗೀತ ನಿರ್ದೇಶಕರ ಸೇವೆ ಇವತ್ತಿಗೆ ಮುಗಿದಿದೆ, ಅವರ ಸೇವೆಗೆ ಕೃತಜ್ಞತೆ, ವಿಷಯ ಗೌಪ್ಯವಾದ್ದರಿಂದ ಇನ್ನೇನೂ ಹೇಳಲಾಗದು. ರಾತ್ರಿಯೊಳಗೆ ವೆಬ್‌ಸೈಟಿನಿಂದ ಅವರ ಫೋಟೋ ಹೋಗಿತ್ತು.

ಊರಿನಲ್ಲಿ ನಾವು ಇಂಥದ್ದು ನೋಡಿದವರಲ್ಲ. ನಮ್ಮ ಸಿಎಸ್‌ಐ ಸಭೆಗಳಲ್ಲಿ ಅಯ್ಯನವರು ಬರೋದು ಹೋಗೋದು ಎಲ್ಲ ವರ್ಗಾವಣೆಯ ಮೇಲೆ. ಬಿಷಪ್ಪರಿಂದ ಆರ್ಡರ್ ಬರುತ್ತೆ. ಒಬ್ಬರು ಹೋಗ್ತಾರೆ, ಇನ್ನೊಬ್ಬರು ಬರ್ತಾರೆ. ಜಗಳ ಇದ್ದರೂ ಅದು ವರ್ಗದ ಹೆಸರಿನಲ್ಲಿ ಮುಚ್ಚಿಹೋಗುತ್ತೆ. ಶಾಲು ಹೊದಿಸಿ, ಗ್ರೂಪ್ ಫೋಟೋ ತೆಗೆಸಿ, ಊಟ ಹಾಕಿ ಕಳಿಸ್ತಾರೆ. ಕೊನೇ ಪಕ್ಷ ಹೋಗಿ ಬನ್ನಿ ಅಂತ ಹೇಳೋಕೆ ಒಂದು ದಿನ ಇರುತ್ತೆ. ಇಲ್ಲಿ ಆ ದಿನವೇ ಇರಲಿಲ್ಲ.

ನಮ್ಮ ಮನೆಯಲ್ಲಿ ಇದು ಇನ್ನೂ ಒಂದು ಸುತ್ತು ಜಟಿಲವಾಗಿತ್ತು. ಈ ಚರ್ಚಿನ ಆಡಳಿತ ನಡೆಸೋದು ಸಭೆಯವರು ಚುನಾಯಿಸಿದ ಹನ್ನೆರಡು ಜನರ ಕೌನ್ಸಿಲ್. ಆ ವರ್ಷ ಆ ಹನ್ನೆರಡರಲ್ಲಿ ನನ್ನ ಗಂಡನೂ ಒಬ್ಬರು. ಮೇಲ್ ಓದಿ ನಾನು ತಲೆ ಎತ್ತಿದಾಗ ಇವರು ಎದುರಿಗೇ ಕೂತಿದ್ದರು.

“ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು. ನನ್ನನ್ನ ಏನೂ ಕೇಳಬೇಡ ಮಾರಾಯ್ತಿ, ಹೇಳೋ ಹಾಗಿಲ್ಲ.”

ಹದಿನೇಳು ವರ್ಷದ ಸಂಸಾರದಲ್ಲಿ ನಮ್ಮಿಬ್ಬರ ಮಧ್ಯೆ ಹೇಳೋ ಹಾಗಿಲ್ಲದ ವಿಷಯ ಅಂತ ಇದ್ದದ್ದು ಅದೊಂದೇ. ಇವರು ಪರವಾಗಿ ಮತ ಹಾಕಿದ್ರೋ ವಿರುದ್ಧವಾಗಿ ಹಾಕಿದ್ರೋ ಅದೂ ಗೊತ್ತಿಲ್ಲ. ಮಾತು ಕೊಟ್ಟಿದ್ದಾರೆ, ಉಳಿಸಿಕೊಳ್ತಿದ್ದಾರೆ. ಅದು ಸರಿ ಅಂತ ತಲೆಗೆ ಗೊತ್ತಿದ್ದರೂ ಆ ವಾರ ಮನೆಯಲ್ಲಿ ಪಾತ್ರೆ ಸ್ವಲ್ಪ ಜೋರಾಗೇ ಸದ್ದು ಮಾಡ್ತಿತ್ತು.

ಮಗಳ ಪ್ರಶ್ನೆ ಇನ್ನೂ ಕಷ್ಟದ್ದು. ಅವಳಿಗೆ ಆಗ ಹದಿನೈದು. “ಅಮ್ಮಾ, ಅವರು ಏನಾದ್ರೂ ಕೆಟ್ಟದ್ದು ಮಾಡಿದ್ರಾ? ಮಕ್ಕಳಿಗೆ?” ಅಂತ ಕೇಳಿದಳು. ಯಾಕೆ ಹಾಗೆ ಕೇಳಿದಳು ಅಂತ ನನಗೆ ಅರ್ಥ ಆಯ್ತು. ಚರ್ಚುಗಳು ದೌರ್ಜನ್ಯ ಮುಚ್ಚಿಟ್ಟ ಸುದ್ದಿಗಳನ್ನ ಓದುತ್ತಲೇ ಬೆಳೆದ ತಲೆಮಾರು ಅವರದು. ಚರ್ಚು ಬಾಯಿ ಮುಚ್ಚಿಕೊಂಡರೆ ಆ ಮಕ್ಕಳಿಗೆ ಮೊದಲು ಹೊಳೆಯೋದು ಅದೇ. ಒಬ್ಬರ ಮಾನ ಉಳಿಸೋಕೆ ಅಂತ ಕಾಪಾಡಿದ ಗುಟ್ಟು ಅದೇ ಮನುಷ್ಯರ ಮೇಲೆ ಇಲ್ಲದ ಅನುಮಾನ ಹೊರಿಸಬಹುದು.

ಗುರುವಾರ ರಾತ್ರಿ ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ಕೇಳಿದ್ದು ಒಂದೇ. “ಅವರ ಮನೆಗೆ ಹೋದ್ಯಾ?”

“ಏನಾಯ್ತು ಅಂತಲೇ ಗೊತ್ತಿಲ್ಲ ಅಮ್ಮ. ಹೋಗಿ ಏನು ಮಾತಾಡೋದು?”

“ಸಾವಿನ ಮನೆಗೆ ಹೋಗುವಾಗ ಹೇಗೆ ಸತ್ತದ್ದು ಅಂತ ತಿಳ್ಕೊಂಡೇ ಹೋಗ್ತೀಯಾ? ಮೊದಲು ಊಟ ತಗೊಂಡು ಹೋಗು. ಕಾರಣ ಎಲ್ಲ ಆಮೇಲೆ.”

ಶನಿವಾರ ಕೋಳಿ ಸಾರು ಮಾಡಿ, ಊರಿಂದ ತಂದಿಟ್ಟಿದ್ದ ರೊಟ್ಟಿ ಪ್ಯಾಕೆಟ್ ಹಿಡ್ಕೊಂಡು ಟೀಚರ್ ಮನೆಗೆ ಹೋದೆ. ಚರ್ಚಿನ ಊಟಗಳಲ್ಲಿ ಅವರು ಎರಡೆರಡು ಸಲ ಹಾಕಿಸಿಕೊಂಡು ತಿನ್ನುತ್ತಿದ್ದದ್ದು ಇದನ್ನೇ. ಬಾಗಿಲು ತೆಗೆದು, ಡಬ್ಬಿ ನೋಡಿ, “ನೀನು ಮೂರನೆಯವಳು” ಅಂದರು. ಕ್ವಾಯರಿನಲ್ಲಿ 28 ಜನ ಇದ್ದರು ಅಂತ ಆಗಲೇ ಹೇಳಿದೆನಲ್ಲ. ಉಳಿದವರು ಕೆಟ್ಟವರಲ್ಲ. ಅವರಿಗೂ ನನ್ನ ಹಾಗೇ ಏನು ಮಾತಾಡೋದು ಅಂತ ಗೊತ್ತಾಗಿರಲಿಲ್ಲ.

ನಾನು ಕಾರಣ ಕೇಳಲಿಲ್ಲ. ಅವರೂ ಹೇಳಲಿಲ್ಲ. ಮೂರು ತಿಂಗಳ ಸಂಬಳ ಕೊಡ್ತಾರೆ, ಅದಕ್ಕೆ ಬದಲಾಗಿ ಎರಡೂ ಕಡೆಯವರು ಬಾಯಿಬಿಡಬಾರದು ಅಂತ ಕಾಗದಕ್ಕೆ ಸಹಿ ಆಗಿದೆ ಅಂತಷ್ಟೇ ಹೇಳಿದರು. ಆಮೇಲೆ ನಕ್ಕು, “ವೈಮಾರ್‌ನಲ್ಲಿ 1717ರಲ್ಲಿ ಬಾಖ್‌ನನ್ನ ಕೆಲಸದಿಂದ ಬಿಡುಗಡೆ ಮಾಡೋ ಮೊದಲು ಸುಮಾರು ನಾಲ್ಕು ವಾರ ಜೈಲಲ್ಲಿ ಇಟ್ಟಿದ್ರು. ನನ್ನ ಹತ್ರ ಬರೀ ಬೀಗದ ಕೈ ವಾಪಸ್ ತಗೊಂಡ್ರು, ವಾಸಿ” ಅಂದರು.

ಊಟ ಮಾಡ್ತಾ ಮಾಡ್ತಾ ಬೇರೆ ವಿಷಯ ಬಂತು. “ನಾಳೆ ಭಾನುವಾರ. ಎಲ್ಲಿಗೆ ಹೋಗಬೇಕು ಅಂತ ನಂಗೆ ಗೊತ್ತಿಲ್ಲ” ಅಂದರು. ಅವರ ಗಂಡ ತೀರಿಹೋಗಿ ಆರು ವರ್ಷ. ಅವರ ಬೂದಿ ಇರೋದು ಆ ಚರ್ಚಿನ ಹಿಂದಿನ ಸ್ಮಾರಕ ತೋಟದಲ್ಲಿ. ಪ್ರತಿ ಗುರುವಾರ ಅಭ್ಯಾಸಕ್ಕೆ ಮುಂಚೆ ಅಲ್ಲಿ ಹತ್ತು ನಿಮಿಷ ಕೂತು ಬರ್ತಿದ್ದರಂತೆ. ತೋಟಕ್ಕೆ ಬೀಗ ಏನೂ ಇಲ್ಲ, ಬರಬೇಡಿ ಅಂತ ಯಾರೂ ಹೇಳಿಲ್ಲ. “ಆದರೂ ಆ ಪಾರ್ಕಿಂಗ್ ಲಾಟಿಗೆ ಕಾರ್ ತಿರುಗಿಸೋಕೆ ಕೈ ಬರೋದಿಲ್ಲ” ಅಂದರು.

ಅಷ್ಟು ಕೇಳಿದ ಮೇಲೆ, ಚರ್ಚಿನ ಕೆಲಸ ಹೋಗೋದು ಬೇರೆ ಕೆಲಸ ಹೋದ ಹಾಗಲ್ಲ ಅಂತ ನನಗೆ ಅರ್ಥ ಆಯ್ತು. ಐಟಿಯವರಿಗೆ ಕೆಲಸ ಹೋದರೆ ಸಂಜೆ ಹೋಗೋಕೆ ದೇವಸ್ಥಾನ ಇರುತ್ತೆ, ಕೂಟ ಇರುತ್ತೆ, ಚರ್ಚು ಇರುತ್ತೆ. ಇವರಿಗೆ ಕೆಲಸ, ಸ್ನೇಹಿತರು, ಪ್ರಾರ್ಥನೆಯ ಜಾಗ, ಕಷ್ಟ ಹೇಳಿಕೊಳ್ಳೋ ಪಾಸ್ಟರ್, ಗಂಡನ ಸಮಾಧಿ ಎಲ್ಲ ಒಂದೇ ವಿಳಾಸದಲ್ಲಿ ಇತ್ತು. ಒಂದೇ ಬುಧವಾರ ಎಲ್ಲ ಕೈಬಿಟ್ಟು ಹೋಯ್ತು.

ಕಾನೂನಿನ ಕಡೆಯಿಂದಲೂ ಇವರಿಗೆ ಹಾಸಿಗೆ ತೆಳುವೇ. ಟೀಚರ್ ಜೊತೆ ಕೂತು ಅರ್ಜಿಗಳನ್ನ ತುಂಬುವಾಗ ನಾನು ಇದನ್ನೆಲ್ಲ ಕಲಿತೆ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ, ಟೆಕ್ಸಸ್ ಸೇರಿ, ಚರ್ಚಿನ ಕೆಲಸ ನಿರುದ್ಯೋಗ ವಿಮೆಯ ಕಾನೂನಿನಿಂದ ಹೊರಗೆ. ಚರ್ಚು ತಾನಾಗಿ ಸೇರಿಕೊಂಡಿದ್ದರೆ ಮಾತ್ರ ಉಂಟು, ಇಲ್ಲಾಂದ್ರೆ ಹತ್ತೊಂಬತ್ತು ವರ್ಷ ದುಡಿದರೂ ವಾರದ ಭತ್ಯೆ ಬರೋದಿಲ್ಲ. ನಮಗೆಲ್ಲ ಕೆಲಸ ಹೋದಾಗ ಹಳೇ ಆರೋಗ್ಯ ವಿಮೆಯನ್ನ ಸ್ವಂತ ದುಡ್ಡಲ್ಲಿ ಮುಂದುವರಿಸೋಕೆ ಕೋಬ್ರಾ ಅಂತ ಒಂದು ಕಾನೂನು ಇದೆಯಲ್ಲ, ಅದು 20ಕ್ಕಿಂತ ಕಡಿಮೆ ನೌಕರರಿರೋ ಕಡೆ ಅನ್ವಯಿಸೋದಿಲ್ಲ. ಚರ್ಚುಗಳ ವಿಮಾ ಯೋಜನೆಗಳಿಗೂ ಅನ್ವಯಿಸೋದಿಲ್ಲ. ಉಳಿಯೋ ದಾರಿ ಒಬಾಮಾಕೇರ್ ಮಾರುಕಟ್ಟೆ. ವಿಮೆ ಹೋದ 60 ದಿನದೊಳಗೆ ಅಲ್ಲಿ ಹೊಸ ಪ್ಲಾನ್ ಆರಿಸಿಕೊಳ್ಳಬೇಕು. 61 ವರ್ಷದವರಿಗೆ ಮೆಡಿಕೇರ್ ಬರೋಕೆ ಇನ್ನೂ ನಾಲ್ಕು ವರ್ಷ.

ಕೋರ್ಟಿಗೆ ಹೋಗಬಹುದಲ್ಲ ಅಂತ ಕ್ವಾಯರಿನಲ್ಲಿ ಕೆಲವರು ಹಾರಾಡಿದರು. ಅಲ್ಲೂ ಬಾಗಿಲು ಕಿರಿದು. 2012ರಲ್ಲಿ ಹೊಸಾನಾ-ಟೇಬರ್ ಅನ್ನೋ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ, ಧಾರ್ಮಿಕ ಸಂಸ್ಥೆ ತನ್ನ ಧರ್ಮಸೇವಕರನ್ನ ಆರಿಸೋದು, ತೆಗೆಯೋದು ಅದರ ಹಕ್ಕು, ತಾರತಮ್ಯದ ಕಾನೂನು ಅಲ್ಲಿ ಕಾಲಿಡೋ ಹಾಗಿಲ್ಲ ಅಂದರು. 2020ರಲ್ಲಿ ಆ ತೀರ್ಪು ಇನ್ನೂ ಅಗಲ ಆಯ್ತು. ಧರ್ಮಸೇವಕ ಅಂದ್ರೆ ಪಾಸ್ಟರ್ ಮಾತ್ರ ಅಲ್ಲ. ನಮ್ಮ ಟೆಕ್ಸಸ್‌ನದ್ದೇ, ಆಸ್ಟಿನ್ನಿನ ಒಬ್ಬ ಸಂಗೀತ ನಿರ್ದೇಶಕರು, ನಾನು ಬರೀ ಪಿಯಾನೋ ನುಡಿಸ್ತಿದ್ದವನು ಅಂತ ವಾದಿಸಿದರೂ, ಆರಾಧನೆಯಲ್ಲಿ ನುಡಿಸಿದ್ದೇ ಧರ್ಮಸೇವೆ ಅಂತ ಮೇಲ್ಮನವಿ ಕೋರ್ಟು 2012ರಲ್ಲೇ ತೀರ್ಪು ಕೊಟ್ಟಿದೆ. ಸರ್ಕಾರ ಪುರೋಹಿತರನ್ನ ನೇಮಿಸಬಾರದು ಅನ್ನೋ ತತ್ವ ಒಳ್ಳೆಯದೇ. ಆದರೆ ಅದರ ಇನ್ನೊಂದು ಮುಖ ಏನಂದ್ರೆ, ಹೊರಗಿನ ಕಾನೂನು ಎಲ್ಲಿ ಕೈ ಕಟ್ಟಿ ನಿಲ್ಲುತ್ತೋ ಅಲ್ಲಿ ಒಳಗಿನವರ ನಡತೆ ಒಂದೇ ಉಳಿಯೋದು.

ನಮ್ಮ ದೇವಸ್ಥಾನಗಳಿಗೂ ಇದೇ ಕಾನೂನು ಅನ್ವಯಿಸುತ್ತೆ. ಊರಿಂದ ಬರೋ ಎಷ್ಟೋ ಅರ್ಚಕರು ಆರ್-1 ವೀಸಾದಲ್ಲಿ ಇರ್ತಾರೆ, ಹೆಚ್ಚೆಂದರೆ ಐದು ವರ್ಷ. ಎಚ್-1ಬಿಯವರಿಗೆ ಇರೋ ಆ 60 ದಿನದ ಅವಕಾಶದ ಪಟ್ಟಿಯಲ್ಲಿ ಆರ್-1 ಇಲ್ಲ. ಕಮಿಟಿ ಬೇಡ ಅಂದರೆ ಅವರಿಗೆ ಕೆಲಸ, ಮನೆ, ದೇಶ ಎಲ್ಲ ಒಟ್ಟಿಗೇ ಹೋಗುತ್ತೆ. ಕಮಿಟಿಯಲ್ಲಿ ಕೂತು ಕೈ ಎತ್ತುವ ಮೊದಲು ಇಷ್ಟನ್ನಾದರೂ ತಿಳಿದುಕೊಂಡಿರಬೇಕು.

ಆ ದಿನಗಳಲ್ಲಿ ನಾನು ಹಳೇ ಕತೆಯೊಂದನ್ನ ಹುಡುಕಿ ಓದಿದೆ. ಅಮೆರಿಕದ ಚರ್ಚಿನ ಇತಿಹಾಸದಲ್ಲಿ ಅತ್ಯಂತ ಪ್ರಸಿದ್ಧ ವಜಾ ಅಂದ್ರೆ ಜಾನಥನ್ ಎಡ್ವರ್ಡ್ಸ್ ಅವರದು. ಮ್ಯಾಸಚೂಸೆಟ್ಸ್‌ನ ನಾರ್ತಾಂಪ್ಟನ್ನಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಪಾಸ್ಟರ್ ಆಗಿದ್ದ, ಆ ಕಾಲದ ದೊಡ್ಡ ಪಂಡಿತ. ಕರ್ತನ ಭೋಜನದಲ್ಲಿ ಯಾರ್ಯಾರು ಪಾಲು ತಗೋಬಹುದು ಅನ್ನೋ ಜಗಳದಲ್ಲಿ, 1750ರ ಜೂನ್ 22ರಂದು ಸಭೆ ಅವರನ್ನ ತೆಗೆದುಹಾಕಿತು. ಅವರನ್ನ ಉಳಿಸಿಕೊಳ್ಳಬೇಕು ಅಂತ ಮತ ಹಾಕಿದವರು ಬರೀ 23 ಜನ. ಆದರೆ ಆ ಕಠಿಣ ಜನ ಕೂಡ ಅವರಿಗೆ ಜುಲೈ 1ರಂದು ಪೀಠ ಹತ್ತಿ ಬೀಳ್ಕೊಡುಗೆಯ ಪ್ರಸಂಗ ಮಾಡೋಕೆ ಬಿಟ್ಟರು. ಇನ್ನೂ ವಿಚಿತ್ರ ಅಂದ್ರೆ, ಬೇರೆ ಯಾರೂ ಸಿಗದೆ ಅದಾದ ಮೇಲೂ ಕೆಲವು ತಿಂಗಳು ಅವರನ್ನೇ ಕರೆಸಿ ಪ್ರಸಂಗ ಮಾಡಿಸಿದರು. ಅವರು ಹೋದರು, ಮಾಡಿದರು.

ಅವರ ವಿರುದ್ಧ ನಿಂತವರಲ್ಲಿ ಮುಂದಾಳು ಅವರದೇ ಸಂಬಂಧಿ, ಜೋಸೆಫ್ ಹಾಲಿ. ಆ ಹಾಲಿ ಪಶ್ಚಾತ್ತಾಪದಿಂದ ಬರೆದ ಕಾಗದ 1760ರಲ್ಲಿ ಬಾಸ್ಟನ್ನಿನ ಪತ್ರಿಕೆಯಲ್ಲಿ ಪ್ರಕಟ ಆಯ್ತು. ಎಡ್ವರ್ಡ್ಸ್ ತೀರಿಹೋಗಿ ಆಗಲೇ ಎರಡು ವರ್ಷ. 1900ರಲ್ಲಿ, ಸರಿಯಾಗಿ 150 ವರ್ಷದ ನಂತರ, ಅದೇ ಚರ್ಚಿನ ಗೋಡೆಯ ಮೇಲೆ ಅವರ ನೆನಪಿಗೆ ಕಂಚಿನ ಫಲಕ ಹಾಕಿದರು. ಟೀಚರ್‌ಗೆ ಇದನ್ನ ಹೇಳಿದಾಗ, “ನಂಗೆ ಫಲಕ ಬೇಡ, ಅಷ್ಟು ವರ್ಷ ಕಾಯೋಕೆ ಆಗೋದಿಲ್ಲ. ಒಂದು ಸಲ ಎಲ್ಲರ ಮುಖ ನೋಡಿ ಬರ್ತೀನಿ ಅಂತ ಹೇಳೋಕೆ ಬಿಟ್ಟರೆ ಸಾಕು” ಅಂದರು.

ಮೇಲ್ ಬಂದು ಮೂರು ವಾರಕ್ಕೆ ಸಭೆಯವರ ಮೀಟಿಂಗ್ ಕರೆದರು. ಅಷ್ಟೊತ್ತಿಗೆ ಗುಸುಗುಸು ಜೋರಾಗಿತ್ತು, ಎರಡು ಕುಟುಂಬ ಬರೋದನ್ನೇ ನಿಲ್ಲಿಸಿದ್ದವು. ಕಾರಣ ಹೇಳಿ ಅಂತ ಕೆಲವರು ಕೂಗಾಡಿದರು. ನಾನು ಎದ್ದು ನಿಂತು ಬೇರೆಯದನ್ನ ಕೇಳಿದೆ. “ಕಾರಣ ಏನು ಅಂತ ಹೇಳಬೇಡಿ. ಏನಲ್ಲ ಅಂತ ಹೇಳಿ. ಇದು ದುಡ್ಡಿನ ವಿಷಯವಾ? ಮಕ್ಕಳ ಸುರಕ್ಷತೆಯ ವಿಷಯವಾ? ಹೌದಾದರೆ ನಮಗೆ ತಿಳಿಯೋ ಹಕ್ಕಿದೆ, ಪೊಲೀಸರಿಗೂ ತಿಳಿಯಬೇಕು. ಅಲ್ಲದಿದ್ದರೆ ಅಲ್ಲ ಅಂತ ಹೇಳಿ. ನನ್ನ ಮಗಳಿಗೆ ಉತ್ತರ ಕೊಡಬೇಕು.” ಕೌನ್ಸಿಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇವರು ನೆಲ ನೋಡ್ತಾ ಕೂತಿದ್ದರು. ಕಡೆಗೆ ಪಾಸ್ಟರ್ ಎದ್ದು, “ಎರಡೂ ಅಲ್ಲ. ಅವರ ಪ್ರಾಮಾಣಿಕತೆಯ ಬಗ್ಗೆ ಇಲ್ಲಿ ಯಾರಿಗೂ ಪ್ರಶ್ನೆ ಇಲ್ಲ. ಮೊದಲ ದಿನವೇ ಹೇಳಬಹುದಿತ್ತು” ಅಂದರು. ಆ ಮನುಷ್ಯನೂ ಮೂರು ವಾರದಿಂದ ಸರಿಯಾಗಿ ಮಲಗಿದ ಹಾಗೆ ಕಾಣಲಿಲ್ಲ.

ಆ ಒಂದು ಮಾತಿನಿಂದ ಗಾಳಿ ತಿರುಗಿತು. ಕಾರಣ ಗೊತ್ತಾಗಲಿಲ್ಲ, ಆದರೆ ಟೀಚರ್ ಮನೆಗೆ ಹೋಗೋಕೆ ಹೆದರಬೇಕಾಗಿಲ್ಲ ಅಂತ ಎಲ್ಲರಿಗೂ ಗೊತ್ತಾಯ್ತು. ಆಮೇಲೆ ನಾವು ಐಟಿಯವರಿಗೆ ಮಾಡೋದನ್ನೇ ಮಾಡಿದೆವು. ಒಬ್ಬರು ರೆಸ್ಯೂಮೆ ತಿದ್ದಿಕೊಟ್ಟರು. ಆರು ಜನ ಹೆಸರು ಹಾಕಿ ಶಿಫಾರಸು ಪತ್ರ ಬರೆದರು. ನಾಲ್ಕು ಮನೆಯವರು ಮಕ್ಕಳನ್ನ ಪಿಯಾನೋ ಪಾಠಕ್ಕೆ ಕಳಿಸಿದರು, ಪೂರ್ತಿ ಫೀಸ್ ಕೊಟ್ಟು. “ಏನಾದರೂ ಬೇಕಿದ್ದರೆ ಹೇಳಿ” ಅನ್ನೋ ಮಾತು ಬಿಟ್ಟು “ಗುರುವಾರ ಐದು ಗಂಟೆಗೆ ತೋಟಕ್ಕೆ ನಾನೂ ಬರ್ತೀನಿ, ಕಾರ್ ನಾನೇ ಓಡಿಸ್ತೀನಿ” ಅನ್ನೋದನ್ನ ಕಲಿತೆವು. ಬೇಕಾದ್ದನ್ನ ಬಾಯಿಬಿಟ್ಟು ಕೇಳೋ ಸ್ಥಿತಿಯಲ್ಲಿ ಅವರು ಇರೋದಿಲ್ಲ.

ಅಕ್ಟೋಬರಿನ ಕೊನೆಯಲ್ಲಿ ನಮ್ಮ ಮನೆಯಲ್ಲೇ ಬೀಳ್ಕೊಡುಗೆ ಇಟ್ಟೆವು. ನಲವತ್ತು ಜನ ಬಂದರು. ಊರಿನ ಪದ್ಧತಿಯಂತೆ ಒಂದು ಶಾಲು ಹೊದಿಸಿದೆ. ಟೀಚರ್ ಎಲ್ಲರ ಮುಖ ನೋಡಿ, ಹೆಸರು ಹಿಡಿದು ಒಬ್ಬೊಬ್ಬರಿಗೂ ಒಂದೊಂದು ಮಾತು ಹೇಳಿದರು. ಇವರು ಇಡೀ ಸಂಜೆ ಅಡುಗೆಮನೆಯಲ್ಲಿ ಪಾತ್ರೆ ತೊಳೀತಾ ಇದ್ದರು. ಹೋಗೋ ಮುಂಚೆ ಟೀಚರ್ ಅಲ್ಲಿಗೇ ಹೋಗಿ ಒರೆಸೋ ಬಟ್ಟೆ ತಗೊಂಡು ಪಕ್ಕದಲ್ಲಿ ನಿಂತರು. ಇಬ್ಬರೂ ಏನೂ ಮಾತಾಡಲಿಲ್ಲ. ಪಾತ್ರೆ ಎಲ್ಲ ಮುಗಿಯೋವರೆಗೂ ಒರೆಸಿಕೊಟ್ಟು ಹೋದರು.

ಇನ್ನೊಬ್ಬರ ಬಗ್ಗೆಯೂ ಹೇಳಬೇಕು. ತಾತ್ಕಾಲಿಕವಾಗಿ ಪಿಯಾನೋ ನುಡಿಸೋಕೆ ಬಂದಿದ್ದ ಕಾಲೇಜು ಹುಡುಗ. ಮೊದಲ ಕೆಲವು ವಾರ ಯಾರೂ ಅವನ ಹತ್ರ ಸರಿಯಾಗಿ ಮಾತಾಡಿರಲಿಲ್ಲ. ಟೀಚರ್ ಮೇಲಿನ ಪ್ರೀತಿ ತೋರಿಸೋಕೆ ಅವನ ಮೇಲೆ ಮುಖ ಗಂಟು ಹಾಕಿಕೊಳ್ಳೋದು ಸುಲಭದ ದಾರಿ ಆಗಿತ್ತು. ಇದು ಟೀಚರ್ ಕಿವಿಗೆ ಬಿದ್ದಾಗ ಅವರೇ ಅವನಿಗೆ ಫೋನ್ ಮಾಡಿ, ಆರ್ಗನ್ನಿನ ಯಾವ ಪೆಡಲ್ ಚಳಿಗಾಲದಲ್ಲಿ ಅಂಟಿಕೊಳ್ಳುತ್ತೆ ಅಂತ ಹೇಳಿಕೊಟ್ಟರು. ಅದಾದ ಮೇಲೆ ಕ್ವಾಯರಿನವರು ಮುಖ ಗಂಟು ಹಾಕೋಕೆ ಯಾವ ನೆಪವೂ ಉಳಿಯಲಿಲ್ಲ.

ಈಗ ಟೀಚರ್ ಇಪ್ಪತ್ತು ಮೈಲಿ ದೂರದ ಇನ್ನೊಂದು ಚರ್ಚಿನಲ್ಲಿ ನುಡಿಸ್ತಾರೆ, ಅರ್ಧ ಸಂಬಳಕ್ಕೆ. ಉಳಿದದ್ದು ಪಿಯಾನೋ ಪಾಠದಿಂದ. ಎಲ್ಲ ಸರಿಹೋಯ್ತು ಅಂತ ಹೇಳೋಕೆ ಬರೋದಿಲ್ಲ. ಬಿಟ್ಟು ಹೋದ ಎರಡು ಕುಟುಂಬದಲ್ಲಿ ಒಂದು ವಾಪಸ್ ಬಂದಿಲ್ಲ. ನಾವು ಅದೇ ಚರ್ಚಿನಲ್ಲಿ ಇದ್ದೀವಿ. ಕಾರಣ ನನಗೆ ಇವತ್ತಿಗೂ ಗೊತ್ತಿಲ್ಲ, ಇವರು ಹೇಳಿಲ್ಲ, ನಾನು ಕೇಳೋದನ್ನ ಬಿಟ್ಟಿದ್ದೀನಿ.

ಕೌನ್ಸಿಲಿನಿಂದ ಇಳಿಯೋ ಮುಂಚೆ ಇವರು ಒಂದು ಪುಟದ ನಿಯಮ ಬರೆದು ಪಾಸ್ ಮಾಡಿಸಿದರು. ಮುಂದೆ ಯಾರನ್ನಾದರೂ ಕೆಲಸದಿಂದ ತೆಗೆಯಬೇಕಾದರೆ, ಅದು ದುಡ್ಡಿನ ಅಥವಾ ಸುರಕ್ಷತೆಯ ವಿಷಯ ಅಲ್ಲದಿದ್ದಾಗ, ಹಾಗಲ್ಲ ಅಂತ ಮೊದಲ ದಿನವೇ ಸಭೆಗೆ ತಿಳಿಸಬೇಕು. ಆರು ತಿಂಗಳ ಆರೋಗ್ಯ ವಿಮೆಯ ಖರ್ಚು ಚರ್ಚೇ ಕೊಡಬೇಕು. ಬೀಳ್ಕೊಡೋಕೆ ಒಂದು ಭಾನುವಾರ ಇಡಬೇಕು, ಅವರು ಒಪ್ಪಿದರೆ. ಮೂರು ತಿಂಗಳು ಕೌನ್ಸಿಲಿನ ಒಬ್ಬರು ವಾರಕ್ಕೊಮ್ಮೆ ಅವರಿಗೆ ಫೋನ್ ಮಾಡಬೇಕು. ಕೊನೆಯ ಸಾಲು ಅಮ್ಮನದ್ದು ಅಂತ ಇವರು ಮೀಟಿಂಗಿನಲ್ಲಿ ಹೇಳಿದರಂತೆ. ಮೊದಲ ವಾರದೊಳಗೆ ಯಾರಾದರೊಬ್ಬರು ಅವರ ಮನೆಗೆ ಊಟ ತಗೊಂಡು ಹೋಗಬೇಕು.